ಹೊಳೆದದ್ದನ್ನು ಹೇಳುವುದೂ ಸಮ್ಮಾ ವಾಚಾ

*ಇಂದಿನ ಧಮ್ಮ ಚಿಂತನೆ*



ಹೋದ ವರ್ಷ ದ್ರಾಕ್ಷಿ ಹಂಗಾಮು ಶುರುವಾಗುವ ಮುಂಚೆ ನಮ್ಮ ಓದು ಬಳಗದಲ್ಲಿ ಅಷ್ಟಾಂಗ ಮಾರ್ಗ ಓದುತ್ತಿದ್ದೆವು. ಅಂದು ಸಮ್ಮಾ ವಾಚಾ ಪಾಠ. ಸುಳ್ಳು ಹೇಳಬಾರದು, ಚಾಡಿ ಹೇಳಬಾರದು, ಬಿರುಸು ಮಾತಾಡಬಾರದು, ಕೆಲಸಕ್ಕೆ ಬಾರದ ಹರಟೆ ಹೊಡೆಯಬಾರದು. ಈ ನಾಲ್ಕನ್ನೂ ಎಲ್ಲರೂ ಬರೆದುಕೊಂಡರು. ಆಗ ಟಿಕೋಟಾ ಕಡೆಯಿಂದ ಬರುವ ಒಬ್ಬ ಹಿರಿಯ ಉಪಾಸಿಕೆ ಕೇಳಿದರು: "ಅಕ್ಕೋರ, ಈ ನಾಕು ತಪ್ಪಿನ್ಯಾಗ ನಾ ಒಂದೂ ಮಾಡಂಗಿಲ್ಲ. ಕೆಲಸದ ಜಾಗಾದಾಗ ನಾ ಬಾಯೇ ಬಿಡಂಗಿಲ್ಲ. ಅಂದ್ರ ನಂದು ಸಮ್ಮಾ ವಾಚಾ ಪೂರಾ ಆತೇನ್ರಿ?"

ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಬಾಯಿ ಮುಚ್ಚಿಕೊಂಡಿರುವುದೇ ಶೀಲವಾಗಿದ್ದರೆ ನಮ್ಮ ಅಜ್ಜ ಅಜ್ಜಿಯರಷ್ಟು ಶೀಲವಂತರು ಇನ್ನೊಬ್ಬರಿರಲಿಲ್ಲ. ದೊಡ್ಡವರ ಅಂಗಳದಲ್ಲಿ ತಲೆ ತಗ್ಗಿಸಿ ನಿಂತು, ಕೇಳಿದ್ದಕ್ಕೆ "ಹೂಂರಿ ಎಪ್ಪಾ" ಅಂದು ಬಂದವರು ಅವರು. ಅದು ಸಮ್ಮಾ ವಾಚಾ ಅಲ್ಲ, ಅಂಜಿಕೆ. ದೀಕ್ಷೆ ತಗೊಂಡೆವು, ಮಕ್ಕಳನ್ನು ಓದಿಸಿದೆವು, ಕಚೇರಿ, ಶಾಲೆ, ದವಾಖಾನೆ, ಬ್ಯಾಂಕು ಅಂತ ಕೆಲಸಕ್ಕೆ ಸೇರಿದೆವು. ಆದರೂ ಮೀಟಿಂಗಿನಲ್ಲಿ ಹಿಂದಿನ ಖುರ್ಚಿ ಹಿಡಿದು ಕೂತಾಗ ಆ ಹಳೆಯ ಮೌನ ನಮ್ಮ ಪಕ್ಕದಲ್ಲೇ ಬಂದು ಕೂರುತ್ತದೆ. ತಲೆಯಲ್ಲಿ ಒಂದು ಒಳ್ಳೆಯ ವಿಚಾರ ಹೊಳೆದಿರುತ್ತದೆ, ನಾಲಿಗೆ ಏಳುವುದಿಲ್ಲ. ಇವತ್ತು ಇದರ ಬಗ್ಗೆಯೇ ನಾಲ್ಕು ಮಾತು ಹಂಚಿಕೊಳ್ಳುತ್ತೇನೆ.

*ಬುದ್ಧರೂ ಹಿಂಜರಿದಿದ್ದರು*

ಬೋಧಿ ಪ್ರಾಪ್ತಿಯಾದ ಮೇಲೆ ಭಗವಾನ್ ಬುದ್ಧರು ತಕ್ಷಣ ಉಪದೇಶಕ್ಕೆ ಹೊರಡಲಿಲ್ಲ. ತಾನು ಕಂಡದ್ದು ಆಳವಾದದ್ದು, ಜನರಿಗೆ ತಿಳಿಯಲಿಕ್ಕಿಲ್ಲ, ಹೇಳಹೋದರೆ ತನಗೆ ಬರೀ ದಣಿವು ಎಂದು ಅವರ ಮನಸ್ಸು ಹಿಂದೆ ಸರಿದಿತ್ತು. ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಈ ಪ್ರಸಂಗವನ್ನು ಬಿಟ್ಟಿಲ್ಲ. ಬ್ರಹ್ಮ ಸಹಂಪತಿ ಬಂದು ಬೇಡಿಕೊಂಡ ಎಂದು ಕಥೆ ಹೇಳುತ್ತದೆ. ನಾನು ಅದನ್ನು ಬುದ್ಧರ ಮನಸ್ಸಿನೊಳಗೇ ನಡೆದ ಮಾತುಕತೆ ಎಂದು ಓದುತ್ತೇನೆ. ಕಣ್ಣಿನಲ್ಲಿ ಧೂಳು ಕಡಿಮೆ ಇರುವವರೂ ಲೋಕದಲ್ಲಿದ್ದಾರೆ, ಹೇಳಿದರೆ ಅವರಿಗೆ ತಿಳಿಯುತ್ತದೆ, ಹೇಳದಿದ್ದರೆ ಅವರಿಗೆ ನಷ್ಟ. ಇಷ್ಟು ಹೊಳೆದ ಮೇಲೆ ಬುದ್ಧರು ಎದ್ದರು.

ಇಲ್ಲಿ ಗಮನಿಸಿ. ಅರಿತದ್ದು ತನಗೆ ಸಾಕಾಗಿತ್ತು. ಹೇಳದೇ ಇದ್ದರೆ ಯಾವ ಶೀಲವೂ ಮುರಿಯುತ್ತಿರಲಿಲ್ಲ. ಆದರೂ ಹೇಳಿದರು, ಯಾಕೆಂದರೆ ಕೇಳುವವರ ದುಃಖ ಎದುರಿಗಿತ್ತು. ಅಂದರೆ ಸಮ್ಮಾ ವಾಚಾ ಎಂಬುದು ಆಡಬಾರದ ಮಾತುಗಳ ಪಟ್ಟಿ ಮಾತ್ರವಲ್ಲ. ಆಡಬೇಕಾದ ಮಾತನ್ನು ಆಡುವುದೂ ಅದರೊಳಗೇ ಬರುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ಧೈರ್ಯ ಕೊಟ್ಟಿದೆ. ಬೋಧಗಯೆಯಿಂದ ಹೊರಟ ಬುದ್ಧರಿಗೆ ದಾರಿಯಲ್ಲಿ ಉಪಕ ಎಂಬ ಆಜೀವಕ ಸಿಕ್ಕ. ನಿನ್ನ ಗುರು ಯಾರು ಎಂದು ಕೇಳಿದ. ತನಗೆ ಗುರುವಿಲ್ಲ, ತಾನೇ ಗೆದ್ದವನು ಎಂದು ಬುದ್ಧರು ಹೇಳಿದರು. ಉಪಕ "ಇದ್ದರೂ ಇರಬಹುದು" ಎನ್ನುವಂತೆ ತಲೆ ಆಡಿಸಿ ಬೇರೆ ದಾರಿ ಹಿಡಿದು ಹೋದ. ಲೋಕಕ್ಕೇ ಬೆಳಕಾಗುವ ಮಾತಿನ ಮೊದಲ ಕೇಳುಗ ಹೀಗೆ ಎದ್ದು ಹೋದವನು! ನಮ್ಮ ಸಲಹೆಯನ್ನು ಸಾಹೇಬರು ಒಂದು ಸಲ ತಳ್ಳಿಹಾಕಿದರೆ ನಾವು ವರ್ಷವಿಡೀ ಸುಮ್ಮನಾಗುತ್ತೇವೆ. ಬುದ್ಧರು ಸುಮ್ಮನಾಗಲಿಲ್ಲ, ಇಸಿಪತನದ ಕಡೆ ನಡೆದರು.

ಅಲ್ಲಿ ಐದು ಜನ ಹಳೆಯ ಸಂಗಾತಿಗಳಿದ್ದರು. ಇವನು ತಪಸ್ಸು ಬಿಟ್ಟವನು, ಬಂದರೆ ಏಳುವುದು ಬೇಡ, ಗೌರವ ಕೊಡುವುದು ಬೇಡ ಎಂದು ಮೊದಲೇ ಮಾತಾಡಿಕೊಂಡಿದ್ದರು. ಬುದ್ಧರು ತಾನು ಅರಿತೆನೆಂದು ಹೇಳಿದರು, ಅವರು ನಂಬಲಿಲ್ಲ. ಮತ್ತೆ ಹೇಳಿದರು, ನಂಬಲಿಲ್ಲ. ಮೂರನೆಯ ಸಲವೂ ಅಷ್ಟೇ. ಆಗ ಬುದ್ಧರು ವಾದ ಬಿಟ್ಟು ಒಂದು ಪ್ರಶ್ನೆ ಕೇಳಿದರು: ಇದಕ್ಕೂ ಮುಂಚೆ ನಾನು ಯಾವಾಗಲಾದರೂ ನಿಮ್ಮ ಮುಂದೆ ಹೀಗೆ ಮಾತಾಡಿದ್ದೆನೇ? ಇಲ್ಲ ಎಂದರು ಅವರು. ಅಲ್ಲಿಂದ ಕಿವಿ ತೆರೆಯಿತು. ಆಮೇಲೆ ಉಪದೇಶ ಶುರುವಾದದ್ದು ಎಲ್ಲಿಂದ? ದೇಹವನ್ನು ದಂಡಿಸುವ ಅತಿ, ಭೋಗದ ಅತಿ, ಇವೆರಡರ ನಡುವಿನ ದಾರಿಯಿಂದ. ಆ ಐವರು ಅದೇ ಹೊತ್ತಿಗೆ ದೇಹ ದಂಡಿಸುತ್ತ ಕೂತಿದ್ದರು. ಅಂದರೆ ಅವರದೇ ಸಮಸ್ಯೆಯಿಂದ ಮಾತು ಶುರುವಾಯಿತು.

ಉಪಕನಿಗೆ ಬುದ್ಧರು ಹೇಳಿದ್ದು ತಾನು ಯಾರು ಎಂಬುದನ್ನು. ಐವರ ಕಿವಿ ತೆರೆದ ಮೇಲೆ ಹೇಳಿದ್ದು ಅವರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದನ್ನು. ಕೆಲಸದ ಜಾಗದಲ್ಲಿ ಹೊಸ ವಿಚಾರ ಹೇಳುವ ಎಲ್ಲರಿಗೂ ಇದೇ ಮೊದಲ ಪಾಠ. ಅದೂ ಒಂದೇ ಕೂಟದಲ್ಲಿ ಮುಗಿಯಲಿಲ್ಲ. ಕೆಲವರು ಭಿಕ್ಷೆಗೆ ಹೋಗುವರು, ಉಳಿದವರು ಕೇಳುವರು. ತಂದ ಅನ್ನವನ್ನು ಆರೂ ಜನ ಹಂಚಿಕೊಂಡು ಉಣ್ಣುವರು. ಹೀಗೆ ತಾಳ್ಮೆಯಿಂದ ಒಬ್ಬೊಬ್ಬರಿಗೇ ತಿಳಿಯಿತು. ಮೊದಲು ತಿಳಿದವನು ಕೋಂಡಞ್ಞ.

*ವಿಚಾರ ಹೊಳೆಯುವುದು ಹೇಗೆ?*

"ಟೀಚರ್, ನಮಗೆ ಹೊಸದೇನೂ ಹೊಳೆಯಂಗಿಲ್ಲ, ಅದಕ್ಕೆಲ್ಲ ದೊಡ್ಡ ತಲಿ ಬೇಕು" ಎಂದು ಮಕ್ಕಳು ಹೇಳುತ್ತಾರೆ. ಪಾಲಿಯಲ್ಲಿ ಯೋನಿಸೋ ಮನಸಿಕಾರ ಎಂಬ ಮಾತಿದೆ. ಯೋನಿ ಎಂದರೆ ಮೂಲ. ಮೂಲಕ್ಕೆ ಹೋಗಿ ಮನಸ್ಸಿಟ್ಟು ನೋಡುವುದು ಎಂದರ್ಥ. ಮುಪ್ಪು ಸಾವು ಏಕೆ ಎಂದು ಬುದ್ಧರು ಕೇಳಿಕೊಂಡ ರೀತಿ ನೋಡಿ: ಏನು ಇರುವುದರಿಂದ ಇದು ಆಗುತ್ತದೆ? ಉತ್ತರ ಸಿಕ್ಕ ಮೇಲೆ ಮತ್ತೆ, ಅದು ಏನು ಇರುವುದರಿಂದ ಆಗುತ್ತದೆ? ಒಂದೊಂದೇ ಕೊಂಡಿ ಹಿಡಿದು ಹಿಂದೆ ಹೋದರು. ಪಟಿಚ್ಚಸಮುಪ್ಪಾದ ಎಂದು ನಾವು ಕಲಿಯುವುದು ಇದನ್ನೇ. ಹೊಸ ವಿಚಾರ ಮುಗಿಲಿನಿಂದ ಬೀಳುವುದಿಲ್ಲ. ಕೆಲಸದಲ್ಲಿ ಎಲ್ಲಿ ತೊಡಕಿದೆಯೋ ಅಲ್ಲಿ ನಿಂತು ಈ ಪ್ರಶ್ನೆ ಕೇಳಿದವರಿಗೆ ಹೊಳೆಯುತ್ತದೆ. ಆ ತೊಡಕು ಮೊದಲು ಕಾಣುವುದು ಕೈಯಿಂದ ಕೆಲಸ ಮಾಡುವವರಿಗೆ.

ವಿಜಯಪುರ ನಗರದಲ್ಲಿ ಅಲ್ಲಲ್ಲಿ ಗಂಜ್ ಎಂದು ಕರೆಯುವ ಕಲ್ಲಿನ ಗೋಪುರಗಳಿವೆ, ನೋಡಿರುತ್ತೀರಿ. ಆದಿಲ್‌ಶಾಹಿ ಕಾಲದಲ್ಲಿ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಒತ್ತಡ ಹೆಚ್ಚಾದರೆ ಕೊಳವೆ ಒಡೆಯುತ್ತದೆ. ನಡುನಡುವೆ ನೀರನ್ನು ಗೋಪುರಕ್ಕೆ ಏರಿಸಿ ಇಳಿಸಿದರೆ ಒತ್ತಡ ತಗ್ಗುತ್ತದೆ, ಹೂಳೂ ತಳದಲ್ಲಿ ನಿಲ್ಲುತ್ತದೆ. ಯಾರೋ ಒಬ್ಬರು ಕೊಳವೆ ಯಾಕೆ ಒಡೆಯುತ್ತದೆ ಎಂದು ಕೇಳಿಕೊಂಡಿದ್ದರಿಂದಲೇ ಅದು ಹೊಳೆದದ್ದು. ಸುಲ್ತಾನರ ಹೆಸರು ನಾವು ಪಾಠದಲ್ಲಿ ಕಲಿಸುತ್ತೇವೆ. ಕೊಳವೆ ಹೂಳಿದ, ಕಲ್ಲು ಕಟ್ಟಿದ ಕೈಗಳ ಹೆಸರು ಪಾಠದಲ್ಲಿಲ್ಲ. ಈ ಹೆಸರಿನ ಮಾತಿಗೆ ಮುಂದೆ ಬರುತ್ತೇನೆ.

*ಎರಡು ಬುಟ್ಟಿ*

ಪ್ರಶ್ನೆ ಕೇಳಿದ ಆ ಉಪಾಸಿಕೆ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂಲಿ ಮಾಡುತ್ತಾರೆ. ಟಿಕೋಟಾ ಭಾಗದವರಿಗೆ ಈ ಕೆಲಸ ಗೊತ್ತು. ಕೊಯ್ದ ಗೊಂಚಲನ್ನು ದ್ರಾವಣದಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಜಾಳಿಗೆ ಬಿಗಿದ ರ್ಯಾಕಿನ ಮೇಲೆ ನೆರಳಲ್ಲಿ ಹರವುತ್ತಾರೆ. 15 ದಿನದ ಆಚೀಚೆ ಒಣಗುತ್ತದೆ. ಹಸಿರು ಬಣ್ಣ ಉಳಿದರೆ ಒಳ್ಳೆಯ ದರ, ಕೆಂಪಾದರೆ ಕಡಿಮೆ. ಒಣಗಿದ್ದನ್ನೆಲ್ಲ ಒಟ್ಟಿಗೆ ಕೆಡವಿ ರಾಶಿ ಹಾಕಿದ ಮೇಲೆ ಹೆಣ್ಣುಮಕ್ಕಳು ಕೂತು ಕಡ್ಡಿ ತೆಗೆದು ಕೆಂಪು ಹಸಿರು ಆರಿಸುತ್ತಾರೆ. ಸೊಂಟ ಮುರಿಯುವ ಕೆಲಸ.

ಕೆಂಪಾಗುವುದು ಹೆಚ್ಚಾಗಿ ಹೊತ್ತು ಮುಳುಗುವ ಕಡೆಯ ಸಾಲು ಎಂದು ಅವರು ಕಂಡುಕೊಂಡಿದ್ದರು. ಇಳಿಹೊತ್ತಿನ ಬಿಸಿಲು ಪರದೆಯ ಸಂದಿಯಿಂದ ಅಲ್ಲಿಗೆ ಬೀಳುತ್ತದೆ. ಆ ಬದಿಗೆ ಇನ್ನೊಂದು ಪರದೆ ಕಟ್ಟಬೇಕು, ಆ ಸಾಲನ್ನು ಬೇರೆಯಾಗಿ ಕೆಡವಬೇಕು. ಆಗ ಕೂಡಿಸಿ ಮತ್ತೆ ಬೇರೆ ಮಾಡುವ ದಂಡದ ಕೆಲಸವೇ ಇಲ್ಲ. ಏನು ಇರುವುದರಿಂದ ಇದು ಆಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ಬೇಕೇ? ಆದರೆ ಹಿಂದಿನ ಹಂಗಾಮಿನಲ್ಲಿ ಲಾರಿ ತುಂಬುವ ಗದ್ದಲದಲ್ಲಿ ಮುಕಾದಮನಿಗೆ ಹೇಳಹೋಗಿ, "ನಿನ್ನ ಕೆಲಸಾ ನೀ ಮಾಡು, ಶಾಣ್ಯಾತನ ಬ್ಯಾಡ" ಅನ್ನಿಸಿಕೊಂಡಿದ್ದರು. ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ.

ಅಂಗುತ್ತರ ನಿಕಾಯದಲ್ಲಿ ಒಳ್ಳೆಯ ಮಾತಿಗೆ ಐದು ಗುಣ ಹೇಳಿದ್ದಾರೆ. ಸಕಾಲದಲ್ಲಿ ಆಡಿದ್ದು, ಸತ್ಯವಾದದ್ದು, ಮೃದುವಾದದ್ದು, ಪ್ರಯೋಜನವುಳ್ಳದ್ದು, ಮೈತ್ರಿಯಿಂದ ಆಡಿದ್ದು. ನಾವೆಲ್ಲ ಕೂತು ಅವರ ಮಾತನ್ನು ಈ ಐದರ ಮೇಲೆ ಇಟ್ಟು ನೋಡಿದೆವು. ಸತ್ಯ ಇತ್ತು, ಪ್ರಯೋಜನ ಇತ್ತು. ಕಾಲ ಕೂಡಿಬಂದಿರಲಿಲ್ಲ. ಲಾರಿ ತುಂಬುವಾಗ ಮುಕಾದಮನ ತೊಡಕು ಲಾರಿ, ಬಣ್ಣ ಅಲ್ಲ.

ಈ ಹಂಗಾಮಿನಲ್ಲಿ ಅವರು ಏನೂ ವಾದ ಮಾಡಲಿಲ್ಲ. ಕೆಡವುವ ದಿನ ಮುಂಜಾನೆ, ಇನ್ನೂ ಗದ್ದಲ ಇಲ್ಲದಾಗ, ಪಡುವಣ ಸಾಲಿನಿಂದ ಒಂದು ಬುಟ್ಟಿ, ಮೂಡಣ ಸಾಲಿನಿಂದ ಒಂದು ಬುಟ್ಟಿ ತುಂಬಿ ಮುಕಾದಮನ ಮುಂದೆ ಇಟ್ಟರು. "ಅಣ್ಣಾ, ನಿಮಗ ಆರಸೂ ಕೂಲಿ ಭಾಳ ಬೀಳತೈತಿ. ಈ ಎರಡೂ ಬುಟ್ಟಿ ಒಂದಿಷ್ಟು ನೋಡ್ರಿ" ಅಂದರು. ಅಷ್ಟೇ. ಆತ ನೋಡಿದ. ಅವತ್ತು ಸಾಲು ಬೇರೆ ಬೇರೆ ಕೆಡವಿದರು, ವಾರದೊಳಗೆ ಪರದೆಯೂ ಬಂತು. ಅವನ ಸಮಸ್ಯೆಯಿಂದ ಮಾತು ಶುರು ಮಾಡಿದ್ದು, ಹೊತ್ತು ನೋಡಿದ್ದು, ಹೇಳುವ ಬದಲು ತೋರಿಸಿದ್ದು, ಇವು ಕೆಲಸ ಮಾಡಿದವು. ಇಸಿಪತನದ ದಾರಿಯೇ ಇದು.

*ನುಡಿ ಬಾಗಲಿ, ಸತ್ಯ ಬಾಗದಿರಲಿ*

ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಭಿಕ್ಷುಗಳು ಬುದ್ಧವಚನವನ್ನು ವೇದದ ಛಂದಸ್ಸಿಗೆ ಅಳವಡಿಸೋಣವೇ ಎಂದು ಕೇಳಿದಾಗ ಬುದ್ಧರು ಒಪ್ಪಲಿಲ್ಲ. ತಮ್ಮ ನುಡಿಯಲ್ಲೇ ಕಲಿಯಲಿ ಎಂದರು. ಇದು ವಿನಯ ಪಿಟಕದಲ್ಲಿದೆ. ನಮ್ಮ ಹುಡುಗರು ಮೀಟಿಂಗಿನಲ್ಲಿ ಇಂಗ್ಲಿಷ್ ಬರುವುದಿಲ್ಲ, ಪುಸ್ತಕದ ಕನ್ನಡ ಬರುವುದಿಲ್ಲ ಎಂದು ನಾಚಿ ಕೂರುತ್ತಾರೆ. ನಾಚಬೇಡಿ. "ಹಿಂಗ್ ಮಾಡಿದ್ರ ಹೆಂಗ್ರಿ ಸರ್?" ಎಂಬ ನಮ್ಮ ವಿಜಯಪುರದ ಮಾತಿನಲ್ಲೂ ವಿಚಾರ ಪೂರ್ತಿ ಹಿಡಿಸುತ್ತದೆ. ಕೇಳುವವರಿಗೆ ಬೇರೆ ನುಡಿ ಬೇಕಾದರೆ ಅದನ್ನೂ ಕಲಿಯೋಣ. ನುಡಿ ಎಷ್ಟು ಬೇಕಾದರೂ ಬಾಗಲಿ.

ಆದರೆ ಬಾಗಬಾರದ್ದೂ ಒಂದಿದೆ. ಬಬಲೇಶ್ವರ ಕಡೆಯ ಒಬ್ಬ ತಮ್ಮ ತನ್ನ ಕಚೇರಿಯಲ್ಲಿ ಬೇಸಿಗೆಯ ಟ್ಯಾಂಕರ್ ನೀರಿನ ಬಗ್ಗೆ ಒಂದು ಸಲಹೆ ಬರೆದುಕೊಟ್ಟ. ಪ್ರತಿ ಸಲ ಟ್ಯಾಂಕರ್ ಊರ ಮೇಲಿನ ತುದಿಯಿಂದ ಶುರುವಾಗುತ್ತದೆ, ಕೇರಿಗೆ ಬರುವಷ್ಟರಲ್ಲಿ ತಳದ ನೀರು. ಒಂದು ವಾರ ಆ ತುದಿಯಿಂದ, ಒಂದು ವಾರ ಕೇರಿಯಿಂದ ಶುರು ಮಾಡಿದರೆ ಹೆಚ್ಚಿಗೆ ಖರ್ಚಿಲ್ಲದೆ ಎಲ್ಲರಿಗೂ ಸಮ. ಓದಿದವರು "ಸಲಹೆ ಚಲೋ ಐತಿ, ಆದ್ರ ಕೇರಿ ಅನ್ನೂ ಮಾತು ತಗದು ಬರಿ" ಅಂದರಂತೆ. ಏನು ಮಾಡಲಿ ಎಂದು ಆತ ಬಳಗದಲ್ಲಿ ಕೇಳಿದ.

ನಾನು ಅವನಿಗೆ 1936ರ ಪ್ರಸಂಗ ನೆನಪಿಸಿದೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಬಾಬಾಸಾಹೇಬರನ್ನು ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಕರೆದಿತ್ತು. ಭಾಷಣದ ಪ್ರತಿ ನೋಡಿ ಕೆಲವು ಭಾಗ ತೆಗೆಯಿರಿ ಎಂದಿತು. ಬಾಬಾಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಅವರು ಅದೇ ಭಾಷಣವನ್ನು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಅದೇ ಇಂದು ನಾವು ಓದುವ 'ಜಾತಿ ವಿನಾಶ'. ಆಡಲು ವೇದಿಕೆ ಸಿಗಲಿಲ್ಲ, ಆದರೆ ಮಾತು ಸಾಯಲಿಲ್ಲ.

ತಮ್ಮ ವಿಚಾರ ಮಾಡಿದ. ಬಿರುಸಾದ ಎರಡು ಸಾಲು ತೆಗೆದ, ಅದು ನುಡಿ. ಯಾವ ಓಣಿಗೆ ಎಷ್ಟು ಹೊತ್ತಿಗೆ ಟ್ಯಾಂಕರ್ ಬರುತ್ತದೆ ಎಂಬ ಪಟ್ಟಿ ಸೇರಿಸಿದ, ಅದು ಪುರಾವೆ. ಕೇರಿ ಎಂಬ ಪದ ಹಾಗೇ ಇಟ್ಟ, ಅದು ಸತ್ಯ. ಅದನ್ನು ತೆಗೆದರೆ ಸಲಹೆ ಯಾಕೆ ಬೇಕಾಯಿತು ಎಂಬುದೇ ತಿಳಿಯುವುದಿಲ್ಲ. ಕಾಗದ ಇನ್ನೂ ಮೇಜಿನ ಮೇಲಿದೆ. ಉತ್ತರ ಬಂದಿಲ್ಲ. ಮತ್ತೆ ಹೋಗಿ ಕೇಳುತ್ತೇನೆ ಅಂದಿದ್ದಾನೆ.

*ಹೆಸರು ಯಾರದು?*

ಈಗ ಎರಡು ಬುಟ್ಟಿಯ ಕಥೆಯ ಉಳಿದರ್ಧ. ಶೆಡ್ಡಿನ ಮಾಲಕರು ಬಂದು ನೋಡಿ, "ಮುಕಾದಮನ ತಲಿ ಭಾಳ ಓಡತೈತಿ" ಎಂದು ಹೊಗಳಿದರು. ಮುಕಾದಮ ಸುಮ್ಮನೆ ನಕ್ಕ. ಆ ತಾಯಿ ಇದನ್ನು ಬಳಗದಲ್ಲಿ ನಗುತ್ತಲೇ ಹೇಳಿದರು, ಕಣ್ಣು ನಗುತ್ತಿರಲಿಲ್ಲ. ಒಬ್ಬ ಅಣ್ಣ ಸಮಾಧಾನ ಮಾಡಲು, "ಅನತ್ತಾ ಅಂತೀವಲ್ಲ, ನಾನು ಅನ್ನೂದೇ ಇಲ್ಲ ಅಂದ ಮ್ಯಾಲ ಹೆಸರ ಯಾಕ ಬೇಕು?" ಅಂದರು.

ನಾನು ಒಪ್ಪಲಿಲ್ಲ. ಅನತ್ತಾ ನನ್ನ ಅಹಂಕಾರ ಕಳೆಯಲು ಇರುವ ಔಷಧಿ, ಇನ್ನೊಬ್ಬರ ದುಡಿಮೆ ಅಳಿಸುವ ರಬ್ಬರಲ್ಲ. ಪಂಚಶೀಲದ ಎರಡನೆಯ ಶೀಲ ಏನು ಹೇಳುತ್ತದೆ? ಕೊಡದೇ ಇದ್ದುದನ್ನು ತೆಗೆದುಕೊಳ್ಳಬಾರದು. ಹೊಲ, ಹಣ, ಬಂಗಾರಕ್ಕೆ ಮಾತ್ರ ಈ ಶೀಲ ಎಂದು ಎಲ್ಲಿಯೂ ಇಲ್ಲ. ಇನ್ನೊಬ್ಬರಿಗೆ ಹೊಳೆದದ್ದನ್ನು ನನ್ನದೆಂದು ಹೇಳುವುದೂ ಅದಿನ್ನಾದಾನವೇ.

ಬುದ್ಧಶಾಸನ ಇದನ್ನು ಹೇಗೆ ಪಾಲಿಸಿದೆ ನೋಡಿ. ಧಮ್ಮದಿನ್ನಾ ಎಂಬ ಭಿಕ್ಷುಣಿಗೆ ಅವರ ಹಿಂದಿನ ಗಂಡ ವಿಶಾಖ ಒಂದಾದ ಮೇಲೊಂದು ಕಠಿಣ ಪ್ರಶ್ನೆ ಕೇಳಿದ. ಆಕೆ ಎಲ್ಲದಕ್ಕೂ ಉತ್ತರ ಕೊಟ್ಟರು. ವಿಶಾಖ ಹೋಗಿ ಬುದ್ಧರಿಗೆ ತಿಳಿಸಿದಾಗ, ನನ್ನನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ ಎಂದರು ಬುದ್ಧರು. ಆ ಉಪದೇಶ ಇಂದಿಗೂ ಮಜ್ಝಿಮ ನಿಕಾಯದಲ್ಲಿ ಧಮ್ಮದಿನ್ನಾ ಅವರ ಮಾತಾಗಿಯೇ ಉಳಿದಿದೆ.

ಕನ್ನಡ ಓದಿದವಳಾಗಿ ಇನ್ನೊಂದು ಹೇಳುತ್ತೇನೆ. ನಮ್ಮ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಬೀಸುತ್ತ, ಕುಟ್ಟುತ್ತ ಹೆಣ್ಣುಮಕ್ಕಳು ಕಟ್ಟಿದ ಹಾಡುಗಳು ಅಲ್ಲಿವೆ. ಕೆಲಸದ ನಡುವೆಯೇ ಹೊಳೆದ ಎಂಥ ಮಾತುಗಳು! ಗೆಳೆಯರು ಅವನ್ನು ಉಳಿಸಿದ್ದು ದೊಡ್ಡ ಉಪಕಾರ. ಆದರೆ ಯಾವ ಹಾಡು ಯಾವ ತಾಯಿಗೆ ಹೊಳೆದದ್ದು ಎಂದು ಈಗ ಯಾರಿಗೆ ಗೊತ್ತು? ಅದೇ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿ ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಅಲ್ಲಿ ದುಡಿಯುವ ಶರಣರ ಮಾತು ಅವರವರ ಹೆಸರಿನಲ್ಲೇ ನಿಂತಿದೆ, ಯಾಕೆಂದರೆ ವಚನಕ್ಕೆ ಅಂಕಿತವಿತ್ತು. ದೋಣಿ ನಡೆಸುವ ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಹೆಸರು ಉಳಿದರೆ, ನನ್ನಂಥವರೂ ವಿಚಾರ ಮಾಡಿದ್ದರು ಎಂದು ಮುಂದಿನ ಮಗುವಿಗೆ ಗೊತ್ತಾಗುತ್ತದೆ. ಅದು ಅಹಂಕಾರವಲ್ಲ, ದಾರಿಗುರುತು.

ಕಡೆಗೆ ಶೆಡ್ಡಿನಲ್ಲಿ ಏನಾಯಿತು? ಪಗಾರದ ದಿನ ಜೊತೆಗೆ ದುಡಿಯುವ ಇನ್ನೊಬ್ಬ ಹೆಣ್ಣುಮಗಳು ಮಾಲಕರ ಮುಂದೆ, "ಬುಟ್ಟಿ ಇಟ್ಟು ತೋರಿಸಿದಾಕಿ ಈಕಿ ನೋಡ್ರಿ ಧಣಿ" ಎಂದಳು. ಕೂಲಿ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಆದರೆ ಮರುದಿನ ಮಾಲಕರು ನೇರವಾಗಿ ಆ ತಾಯಿಯ ಕಡೆಗೇ ಬಂದು, "ಆ ಕಡಿ ಸಾಲಿಗೆ ಏನ ಮಾಡೂಣ?" ಎಂದು ಕೇಳಿದರು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳಲು ಎಷ್ಟೋ ಜನರಿಗೆ ಬಾಯಿ ಬರುವುದಿಲ್ಲ. ಪಕ್ಕದವರು ಹೇಳಬೇಕು. ಕಲ್ಯಾಣಮಿತ್ರ ಎಂದರೆ ಇದೇ.

*ಸಂಘದ ರೀತಿ*

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ ಬಾಬಾಸಾಹೇಬರು ಭಿಕ್ಷು ಸಂಘದ ಸಭೆಗಳನ್ನು ನೆನೆದರು. ಕೂರುವ ಕ್ರಮ, ಗೊತ್ತುವಳಿ, ಕೋರಂ, ಮತ ಎಣಿಕೆ, ಎಲ್ಲಕ್ಕೂ ಅಲ್ಲಿ ನಿಯಮವಿತ್ತು ಎಂದರು. ವಿನಯದ ಪ್ರಕಾರ ದೊಡ್ಡ ವಿಷಯವನ್ನು ಸಂಘದ ಮುಂದೆ ಮೂರು ಸಲ ಸಾರಿ ಹೇಳುತ್ತಿದ್ದರು. ಒಪ್ಪಿಗೆ ಇಲ್ಲದವರು ಮಾತಾಡಲಿ ಎಂದು ಕಾಯುತ್ತಿದ್ದರು. ಮೂರು ಸಲ ಯಾಕೆ? ಮೊದಲ ಸಲಕ್ಕೆ ಬಾಯಿ ಬಾರದವರಿಗೆ ಎರಡನೆಯದು, ಮೂರನೆಯದು ಇರಲಿ ಎಂದು ನಾನು ತಿಳಿಯುತ್ತೇನೆ. ನಮ್ಮಲ್ಲಿ ಈಗ ಹೆಡ್‌ಮಾಸ್ತರು, ಮ್ಯಾನೇಜರು, ಸೂಪರ್‌ವೈಸರು ಆದವರೂ ಇದ್ದಾರೆ. ಅವರಿಗೆ ಈ ಮಾತು ಹೆಚ್ಚು ಸೇರುತ್ತದೆ. ನಿಮ್ಮ ಮೀಟಿಂಗಿನಲ್ಲಿ ಹಿಂದಿನ ಖುರ್ಚಿಯವರನ್ನು ಮೂರು ಸಲ ಕೇಳುತ್ತೀರಾ?

*ಇವತ್ತಿನ ಅಭ್ಯಾಸ*

1. ನಿಮ್ಮ ಕೆಲಸದ ಒಂದು ತೊಡಕು ಆರಿಸಿಕೊಂಡು, ಏನು ಇರುವುದರಿಂದ ಇದು ಆಗುತ್ತದೆ ಎಂದು ಐದು ನಿಮಿಷ ಕೂತು ಕೇಳಿಕೊಳ್ಳಿ.

2. ಹೊಳೆದದ್ದನ್ನು ಐದು ಗುಣಗಳ ಮೇಲಿಟ್ಟು ನೋಡಿ. ಕಾಲ, ಸತ್ಯ, ಮೃದುತನ, ಪ್ರಯೋಜನ, ಮೈತ್ರಿ. ಕೂಡಿಬಂದರೆ ನಾಳೆಯೇ ಹೇಳಿ, ಅದೂ ಕೇಳುವವರ ಸಮಸ್ಯೆಯಿಂದ ಶುರು ಮಾಡಿ.

3. ಇನ್ನೊಬ್ಬರ ಒಳ್ಳೆಯ ವಿಚಾರವನ್ನು ಅವರ ಹೆಸರು ಹಿಡಿದು ನಾಲ್ಕು ಜನರ ಮುಂದೆ ಹೇಳಿ.

ಕೊನೆಯದಾಗಿ ಒಂದು ವಿನಂತಿ. ಗೋಳಗುಮ್ಮಟದ ಮೇಲೆ ನಿಂತು ಒಂದು ಮಾತಾಡಿದರೆ ಏಳು ಸಲ ತಿರುಗಿ ಕೇಳುತ್ತದೆ. ಏಳು ಸಲ ಬಂದರೂ ಅದು ಅದೇ ಮಾತು, ಗುಮ್ಮಟ ತನ್ನದೇನನ್ನೂ ಸೇರಿಸುವುದಿಲ್ಲ. ಆದ್ದರಿಂದ ಈ ಚಿಂತನೆಯನ್ನು ಮುಂದೆ ಕಳಿಸುವವರು ಕೆಳಗೆ ನಿಮಗೆ ಹೊಳೆದ ಒಂದು ಸಾಲು ಬರೆದು, ನಿಮ್ಮ ಹೆಸರು ಹಾಕಿ ಕಳಿಸಿರಿ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.